ಓಎಸ್.ಆಕ್ಸೆಸ್ ‘ಬರೆಯಬಹುದು’ ಅನ್ನುತ್ತದೆ, ಓಪನ್ ‘ಆಗಲ್ಲ’ ಅನ್ನುತ್ತದೆ. ಇದು ಪೈಥಾನ್‌ನ ಬಗ್ (ದೋಷ) ಅನ್ನಬಹುದಾ?

ಗಂಜ್_ಹುಡುಗ (ಕಲಬುರಗಿ), ಸೋಮವಾರ ರಾತ್ರಿ 10:40

ಎಲ್ಲರಿಗೂ ನಮಸ್ಕಾರ. ನಾನು ನೆಹರು ಗಂಜ್‌ನ ಒಂದು ಅಡತ್ ಅಂಗಡಿಯಲ್ಲಿ ಲೆಕ್ಕ ಬರೆಯುತ್ತೇನೆ. ಬಿಎಸ್ಸಿಯಲ್ಲಿ ಕಲಿತ ಅಷ್ಟಿಷ್ಟು ಪೈಥಾನ್ ಪ್ರೋಗ್ರಾಮಿಂಗ್ ಭಾಷೆ ಇಟ್ಟುಕೊಂಡು ಅಂಗಡಿಗೆ ಒಂದು ಸಣ್ಣ ಪ್ರೋಗ್ರಾಂ ಬರೆದಿದ್ದೇನೆ. ತೊಗರಿ ಚೀಲ ಕಾಟಾದ ಮೇಲೆ ತೂಗಿದ ತಕ್ಷಣ ರೈತರ ಹೆಸರು, ಚೀಲದ ಸಂಖ್ಯೆ, ತೂಕ ಅಲ್ಲೇ ಪಕ್ಕದ ಕಂಪ್ಯೂಟರಿಗೆ ಹಾಕುತ್ತೇವೆ. ಹತ್ತು ನಿಮಿಷಕ್ಕೊಮ್ಮೆ ಪ್ರೋಗ್ರಾಂ ಎದ್ದು, ಜಮಾ ಆದ ಚೀಟಿಗಳನ್ನೆಲ್ಲ ಒಳಕೋಣೆಯ ಕಂಪ್ಯೂಟರಿನ ಶೇರ್ಡ್ ಫೋಲ್ಡರಿನಲ್ಲಿರುವ ಸಿಎಸ್‌ವಿ (ಸಾಲು ಸಾಲಾಗಿ ಲೆಕ್ಕ ಇಡುವ ಸಾದಾ ಪಠ್ಯದ) ಫೈಲಿನ ಕೊನೆಗೆ ಸೇರಿಸುತ್ತದೆ. ಎರಡೂ ವಿಂಡೋಸ್.

ಬರೆಯುವ ಮೊದಲು ‘ಈ ಫೈಲಿಗೆ ಬರೆಯಬಹುದಾ’ ಅಂತ ಪೈಥಾನ್‌ನ ಓಎಸ್.ಆಕ್ಸೆಸ್ ಅನ್ನುವ ಫಂಕ್ಷನ್‌ಗೆ ಕೇಳುತ್ತೇನೆ. ಟ್ರೂ ಬಂದರೆ ಜಮಾ ಖಾಲಿ ಮಾಡಿ ಬರೆಯುತ್ತೇನೆ. ಫಾಲ್ಸ್ ಬಂದರೆ ಮುಂದಿನ ಸಲಕ್ಕೆ ಬಿಡುತ್ತೇನೆ. ಜೋಪಾನ ಮಾಡಿದ್ದೇನೆ ಅಂದುಕೊಂಡಿದ್ದೆ.

ಎಳ್ಳ ಅಮಾಸಿ ಮುಗಿದ ಮೇಲೆ ಗಂಜಿಗೆ ಮಾಲು ಜಾಸ್ತಿ ಬರುತ್ತಿದೆ. ಕಳೆದ ಮೂರು ದಿನದಲ್ಲಿ 47 ಚೀಟಿ ಮಾಯ. ಇವತ್ತು ಸಂಜೆ ಕೈಯಾರೆ ಒಂದೊಂದೇ ಸಾಲು ಓಡಿಸಿ ನೋಡಿದೆ. ಓಎಸ್.ಆಕ್ಸೆಸ್ ಟ್ರೂ ಅಂದಿತು. ಮರುಕ್ಷಣ ಓಪನ್ ಮಾಡಿದರೆ ‘ಎರರ್ ನಂಬರ್ 13, ಪರ್ಮಿಷನ್ ಡಿನೈಡ್’. ಹೌದು ಅಂದ ಬಾಯಲ್ಲೇ ಇಲ್ಲ ಅಂದರೆ ಯಾರನ್ನು ನಂಬಬೇಕು? ಸಾವ್ಕಾರ್ರು ಇನ್ನೂ ಬೈದಿಲ್ಲ. ನಾಳೆ ಬೈಯಬಹುದು.

ಕರೇಜ್_ನೀರು (ಬೀದರ್), ಸೋಮವಾರ ರಾತ್ರಿ 11:15

ತಮ್ಮಾ, ಬಗ್ ಅನ್ನಬೇಕೋ ಬೇಡವೋ ಅದು ಆಮೇಲೆ. ವಿಂಡೋಸ್‌ನಲ್ಲಿ ಓಎಸ್.ಆಕ್ಸೆಸ್‌ಗೆ ‘ಬರೆಯಬಹುದಾ’ ಅಂತ ಕೇಳಿದರೆ ಅದು ನೋಡುವುದು ಎರಡೇ. ಫೈಲ್ ಇದೆಯಾ? ಇದ್ದರೆ ರೀಡ್ ಓನ್ಲಿ ಅಂತ ಟಿಕ್ ಬಿದ್ದಿದೆಯಾ? ಟಿಕ್ ಇಲ್ಲದಿದ್ದರೆ ಟ್ರೂ. ಫೋಲ್ಡರ್ ಆದರಂತೂ ಟಿಕ್ ಇದ್ದರೂ ಟ್ರೂ. ಯಾವ ಯೂಸರ್ ಬರೆಯಬಹುದು ಅನ್ನುವ ಪಟ್ಟಿ ಬೇರೆಯೇ ಇರುತ್ತದಲ್ಲ, ಎಸಿಎಲ್ ಅಂತ, ಅದನ್ನು ತೆರೆದೂ ನೋಡುವುದಿಲ್ಲ. ಕಾಂಪೌಂಡಿನ ಗೇಟು ತೆರೆದಿದೆ ಅಂತ ನೋಡಿ, ಗೋದಾಮಿನ ಬೀಗವೂ ತೆಗೆದಿದೆ ಅಂದ ಹಾಗೆ.

ಅದರ ಮೇಲೆ ನಿನ್ನದು ಶೇರ್ಡ್ ಫೋಲ್ಡರ್. ಅಲ್ಲಿ ಶೇರಿಂಗ್‌ನ ಪರ್ಮಿಷನ್ ಬೇರೆ, ಡಿಸ್ಕಿನ ಪರ್ಮಿಷನ್ ಬೇರೆ. ಎರಡರಲ್ಲಿ ಯಾವುದು ಬಿಗಿಯೋ ಅದೇ ನಡೆಯುತ್ತದೆ. ನೆಟ್‌ವರ್ಕ್ ಡ್ರೈವ್‌ನಲ್ಲಿ ಆಕ್ಸೆಸ್ ಹೌದು ಅಂದರೂ ಮುಂದಿನ ಕೆಲಸ ಕೆಡಬಹುದು ಅಂತ ಪೈಥಾನ್ ಡಾಕ್ಯುಮೆಂಟೇಷನ್ನೇ ಬರೆದುಕೊಂಡಿದೆ. ನಾವು ಯಾರೂ ಅಲ್ಲಿಯವರೆಗೆ ಓದುವುದಿಲ್ಲ, ಅಷ್ಟೇ.

ನಾಳೆ ಫೋಲ್ಡರ್ ಮೇಲೆ ರೈಟ್ ಕ್ಲಿಕ್ ಮಾಡಿ ಶೇರಿಂಗ್ ಟ್ಯಾಬ್, ಸೆಕ್ಯೂರಿಟಿ ಟ್ಯಾಬ್ ಎರಡೂ ನೋಡು. ಯಾವುದೋ ಒಂದರಲ್ಲಿ ರೀಡ್ ಅಂತ ಮಾತ್ರ ಇರುತ್ತದೆ, ಬೆಟ್ ಕಟ್ಟುತ್ತೇನೆ.

ಭೀಮಾ_ದಂಡೆ (ಯಾದಗಿರಿ), ಮಂಗಳವಾರ ಬೆಳಿಗ್ಗೆ 6:50

ನಾನು ಪಿಎಚ್‌ಪಿ (ವೆಬ್‌ಸೈಟ್ ಮಾಡುವ ಭಾಷೆ) ಕಾಲದವನು. ಅಕ್ಕ ಹೇಳಿದ್ದು ಸರಿ, ಆದರೆ ಈ ರೋಗ ಪೈಥಾನ್‌ಗೆ ಮಾತ್ರ ಬಂದಿದ್ದಲ್ಲ.

ಪಿಎಚ್‌ಪಿಯಲ್ಲಿ ಸೇಫ್ ಮೋಡ್ ಅಂತ ಒಂದಿತ್ತು. ಒಂದೇ ಸರ್ವರ್‌ನಲ್ಲಿ ನೂರು ಜನರ ವೆಬ್‌ಸೈಟ್ ಇಟ್ಟಾಗ ಒಬ್ಬನ ಸ್ಕ್ರಿಪ್ಟ್ ಇನ್ನೊಬ್ಬನ ಫೈಲ್ ಮುಟ್ಟಬಾರದು ಅಂತ ಮಾಡಿದ್ದು. ಸ್ಕ್ರಿಪ್ಟ್‌ನ ಮಾಲೀಕ ಯಾರು, ಫೈಲಿನ ಮಾಲೀಕ ಯಾರು ಅಂತ ಪಿಎಚ್‌ಪಿಯೇ ನೋಡಿ, ಇಬ್ಬರೂ ಒಬ್ಬರೇ ಆದರೆ ಮಾತ್ರ ಬಿಡುತ್ತಿತ್ತು. ಕೇಳಲು ಚೆಂದ. ಆದರೆ ಸ್ಕ್ರಿಪ್ಟ್ ಓಡುವುದು ಅಪಾಚೆ ಅನ್ನುವ ವೆಬ್ ಸರ್ವರ್‌ನ ಯೂಸರ್ ಹೆಸರಲ್ಲಿ. ಅದು ಹುಟ್ಟಿಸಿದ ಫೈಲಿಗೆ ಮಾಲೀಕ ಅಪಾಚೆ. ಸ್ಕ್ರಿಪ್ಟ್‌ಗೆ ಮಾಲೀಕ ನಾನು. ಹಾಗಾಗಿ ನನ್ನ ಸ್ಕ್ರಿಪ್ಟ್ ತಾನೇ ಮಾಡಿದ ಫೋಲ್ಡರ್ ಒಳಗೆ ತಾನೇ ಹೋಗುವಂತಿರಲಿಲ್ಲ! ಮದುವೆ ಫೋಟೋ ಹಾಕುವ ಒಂದು ಸೈಟ್ ಮಾಡಿಕೊಟ್ಟು ನಾಲ್ಕು ದಿನ ತಲೆ ಚಚ್ಚಿಕೊಂಡಿದ್ದೇನೆ. ಹೋಸ್ಟಿಂಗ್‌ನವರಿಗೆ ಫೋನ್ ಮಾಡಿದರೆ ‘ನಮ್ಮ ಕಡೆಯಿಂದ ಎಲ್ಲ ಸರಿ ಇದೆ’ ಅನ್ನುವುದೊಂದೇ ಮಾತು.

ಯಾರು ಯಾವ ಫೈಲ್ ಮುಟ್ಟಬಹುದು ಅನ್ನುವುದನ್ನು ಭಾಷೆಯ ಮಟ್ಟದಲ್ಲಿ ಕಾಯಲು ಹೋಗುವುದೇ ತಪ್ಪು ಅಂತ ಪಿಎಚ್‌ಪಿ ಮಾಡಿದವರೇ ಒಪ್ಪಿಕೊಂಡರು. 2012ರ 5.4 ಆವೃತ್ತಿಯಲ್ಲಿ ಸೇಫ್ ಮೋಡ್ ಕಿತ್ತು ಹಾಕಿದರು.

ಇನ್ನೊಂದು. ಬರೆಯಬಹುದಾ ಅಂತ ಹೇಳುವ ಪಿಎಚ್‌ಪಿಯ ಈಸ್ ರೈಟಬಲ್‌ನ ಉತ್ತರ ಕ್ಯಾಶ್ ಆಗುತ್ತದೆ, ಅಂದರೆ ನೆನಪಿನಲ್ಲಿ ಉಳಿಯುತ್ತದೆ. ಒಂದೇ ಓಟದಲ್ಲಿ ಎರಡು ಸಲ ಕೇಳಿದರೆ ಎರಡನೆಯದು ಹಳಸಿದ ಉತ್ತರ ಆಗಿರಬಹುದು. ನಡುವೆ ಕ್ಲಿಯರ್ ಸ್ಟ್ಯಾಟ್ ಕ್ಯಾಶ್ ಅಂತ ಕರೆಯಬೇಕು.

ಸುಮ್ನೆ_ಓದ್ತೀನಿ (ಕಲಬುರಗಿ), ಮಂಗಳವಾರ ಬೆಳಿಗ್ಗೆ 9:05

ಸರ್, ನಾನು ಇಂಜಿನಿಯರಿಂಗ್ ಮೂರನೇ ವರ್ಷ. ದಡ್ಡ ಪ್ರಶ್ನೆ ಆದರೆ ಬೈಯಬೇಡಿ. ಲಿನಕ್ಸ್ ಹಾಕಿಕೊಂಡು, ಎಲ್ಲರಿಗೂ ಎಲ್ಲ ಅನುಮತಿ ಕೊಡುವ ಸಿಎಚ್‌ಮಾಡ್ 777 ಹೊಡೆದರೆ ಎಲ್ಲ ಮುಗೀತಲ್ವಾ? ನಮ್ಮ ಲ್ಯಾಬ್‌ನಲ್ಲಿ ಎಲ್ಲರೂ ಹಾಗೇ ಮಾಡುತ್ತೇವೆ.

ಭೀಮಾ_ದಂಡೆ (ಯಾದಗಿರಿ), ಮಂಗಳವಾರ ಬೆಳಿಗ್ಗೆ 9:20

ಮುಗೀತು ಅನ್ನುವುದಂತೂ ಖರೆ. ಏನು ಮುಗೀತು ಅನ್ನುವುದೇ ಪ್ರಶ್ನೆ.

ಕರೇಜ್_ನೀರು (ಬೀದರ್), ಮಂಗಳವಾರ ಬೆಳಿಗ್ಗೆ 10:30

ದಡ್ಡ ಪ್ರಶ್ನೆ ಏನಲ್ಲ ಬಿಡಿ. ಲಿನಕ್ಸ್‌ನಲ್ಲಿ ಆಕ್ಸೆಸ್ ಇನ್ನೂ ವಿಚಿತ್ರ.

ಓಡುವ ಪ್ರತಿಯೊಂದು ಪ್ರೋಗ್ರಾಂಗೆ ಎರಡು ಗುರುತು ಇರುತ್ತವೆ. ಅದನ್ನು ಶುರು ಮಾಡಿದವರು ಯಾರು ಅನ್ನುವುದು ರಿಯಲ್ ಯೂಸರ್. ಈಗ ಯಾರ ಬಲದಲ್ಲಿ ಓಡುತ್ತಿದೆ ಅನ್ನುವುದು ಎಫೆಕ್ಟಿವ್ ಯೂಸರ್. ಸಾಮಾನ್ಯವಾಗಿ ಎರಡೂ ಒಂದೇ. ಆದರೆ ಪಾಸ್‌ವರ್ಡ್ ಬದಲಿಸುವ ಕಮಾಂಡ್ ನೀವು ಓಡಿಸಿದರೂ ಅದು ರೂಟ್ (ಎಲ್ಲ ಅಧಿಕಾರ ಇರುವ ಯೂಸರ್) ಬಲದಲ್ಲಿ ಓಡುತ್ತದೆ. ಸಾವ್ಕಾರ್ರ ಚೀಟಿ ಹಿಡಿದು ಗೋದಾಮಿಗೆ ಹೋದ ಹುಡುಗ ಅಂತ ಇಟ್ಟುಕೊಳ್ಳಿ. ಓಪನ್ ಮಾಡಿದಾಗ ಕರ್ನೆಲ್ (ಲಿನಕ್ಸ್‌ನ ತಿರುಳು) ಚೀಟಿ ನೋಡಿ ಬಾಗಿಲು ತೆಗೆಯುತ್ತದೆ. ಆಕ್ಸೆಸ್ ಕೇಳಿದಾಗ ಮಾತ್ರ ‘ಚೀಟಿ ಪಕ್ಕಕ್ಕಿಡು, ಬರೀ ನೀನೇ ಬಂದಿದ್ದರೆ ಬಿಡುತ್ತಿದ್ದೆನಾ’ ಅಂತ ಲೆಕ್ಕ ಹಾಕುತ್ತದೆ. ಎರಡು ಬೇರೆ ಪ್ರಶ್ನೆ, ಎರಡು ಬೇರೆ ಉತ್ತರ. ಇಂಥ ಚೀಟಿ ಹಿಡಿದ ಪ್ರೋಗ್ರಾಂಗಳಿಗೇ ಅಂತ ಆಕ್ಸೆಸ್ ಹುಟ್ಟಿದ್ದು. ನಾವು ಅದನ್ನು ಊರಿಗೆಲ್ಲ ಬಳಸಿದೆವು.

ಒಂದೊಂದು ಭಾಷೆ ಒಂದೊಂದು ದಾರಿ ಹಿಡಿದಿದೆ. ಪರ್ಲ್‌ನಲ್ಲಿ ಓದಬಹುದಾ ಅಂತ ಕೇಳುವ ಸಣ್ಣ ಆರ್ ಎಫೆಕ್ಟಿವ್ ನೋಡುತ್ತದೆ, ದೊಡ್ಡ ಆರ್ ರಿಯಲ್ ನೋಡುತ್ತದೆ. ಅದೂ ಬರೀ ಮೋಡ್ ಬಿಟ್ (ಫೈಲ್ ಮೇಲಿನ ಓದು, ಬರೆ, ಓಡಿಸು ಅನ್ನುವ ಗುರುತು) ಓದಿ ಹೇಳುತ್ತದೆ, ಎಸಿಎಲ್ ಲೆಕ್ಕಕ್ಕೆ ಬೇಕಾದರೆ ಫೈಲ್‌ಟೆಸ್ಟ್ ಅನ್ನುವ ಪ್ರಾಗ್ಮಾ (ಭಾಷೆಗೆ ಕೊಡುವ ಸೂಚನೆ) ಹಾಕಬೇಕು. ರೂಬಿಯಲ್ಲಿ ರೀಡಬಲ್ ಎಫೆಕ್ಟಿವ್, ರೀಡಬಲ್ ರಿಯಲ್ ಅನ್ನುವುದು ಹೆಸರೇ ಹೇಳುವಂತೆ ರಿಯಲ್. ಪೈಥಾನ್‌ನಲ್ಲಿ ರಿಯಲ್ ಮಾತ್ರ ಇತ್ತು. 3.3ರಲ್ಲಿ ಎಫೆಕ್ಟಿವ್ ಐಡೀಸ್ ಅಂತ ಒಂದು ಆಯ್ಕೆ ಸೇರಿತು. ಒಂದು ಭಾಷೆಯಿಂದ ಇನ್ನೊಂದಕ್ಕೆ ಕೋಡ್ ಹೊತ್ತುಕೊಂಡು ಹೋಗುವವರು ಬೀಳುವುದು ಇಲ್ಲಿಯೇ.

777 ವಿಷಯ: ಎಲ್ಲರಿಗೂ ಬರೆಯಲು ಬಿಟ್ಟ ಫೋಲ್ಡರ್ ಇದ್ದರೆ, ನೀನು ನೋಡಿದ ಫೈಲ್ ಒಂದು, ತೆರೆಯುವ ಹೊತ್ತಿಗೆ ಅಲ್ಲಿರುವುದು ಇನ್ನೊಂದು. ಗಂಜಿನವರಿಗೆ ಗೊತ್ತಿರುತ್ತದೆ. ಮುಷ್ಟಿ ತೊಗರಿ ತೆಗೆದು ನೋಡಿ ದರ ಹೇಳಿದಿರಿ. ತೂಗುವ ಹೊತ್ತಿಗೆ ಚೀಲವೇ ಬೇರೆ. ನೋಡುವುದಕ್ಕೂ ಮಾಡುವುದಕ್ಕೂ ನಡುವೆ ಸಂದು ಬಿಟ್ಟರೆ ಯಾರಾದರೂ ಸಿಮ್‌ಲಿಂಕ್ (ಬೇರೆ ಜಾಗಕ್ಕೆ ಕೈ ತೋರಿಸುವ ಫೈಲ್) ತಂದು ತೂರಿಸುತ್ತಾರೆ. ಆಕ್ಸೆಸ್‌ನ ಮ್ಯಾನ್ ಪೇಜೇ (ಕೈಪಿಡಿ) ಈ ಸಂದಿನ ಬಗ್ಗೆ ಎಚ್ಚರಿಕೆ ಕೊಡುತ್ತದೆ.

ಶಹಾಬಾದ್_ಕಲ್ಲು (ಊರು ಶಹಾಬಾದ್, ಈಗ ಬೆಂಗಳೂರು), ಮಂಗಳವಾರ ಮಧ್ಯಾಹ್ನ 1:10

ಇಷ್ಟೆಲ್ಲ ಯಾಕೆ ಒದ್ದಾಡುತ್ತೀರಿ? ರಸ್ಟ್ ಭಾಷೆಗೆ ಬನ್ನಿ. ಈ ಹಳೇ ಭಾಷೆಗಳ ಕಿರಿಕಿರಿ ಅಲ್ಲಿಲ್ಲ. ಕಂಪೈಲರೇ ಹಿಡಿದು ನಿಲ್ಲಿಸುತ್ತದೆ.

ಕರೇಜ್_ನೀರು (ಬೀದರ್), ಮಂಗಳವಾರ ಮಧ್ಯಾಹ್ನ 1:25

ಮೆಮರಿ ತಪ್ಪು ಹಿಡಿಯುತ್ತದೆ, ಒಪ್ಪಿದೆ. ಸಂದು ಹಿಡಿಯುತ್ತದಾ? ಸಿವಿಇ-2022-21658 ಓದಿ (ಸಿವಿಇ ಅಂದರೆ ಭದ್ರತಾ ದೋಷಗಳ ಪಟ್ಟಿಯ ನಂಬರ್). ಫೋಲ್ಡರನ್ನು ಒಳಗಿದ್ದಿದ್ದರ ಸಮೇತ ಅಳಿಸುವ ರಿಮೂವ್ ಡಿರ್ ಆಲ್, ರಸ್ಟ್‌ನ ಸ್ಟ್ಯಾಂಡರ್ಡ್ ಲೈಬ್ರರಿಯದು. ಇದು ಸಿಮ್‌ಲಿಂಕ್ ಅಲ್ಲ ಅಂತ ಮೊದಲು ನೋಡುತ್ತಿತ್ತು, ಆಮೇಲೆ ಒಳಗೆ ಇಳಿದು ಅಳಿಸುತ್ತಿತ್ತು. ನಡುವಿನ ಗಳಿಗೆಯಲ್ಲಿ ಯಾರಾದರೂ ಫೋಲ್ಡರ್ ತೆಗೆದು ಸಿಮ್‌ಲಿಂಕ್ ಇಟ್ಟರೆ ಅದು ತೋರಿಸಿದ ಜಾಗವೇ ಗುಡಿಸಿ ಹೋಗುತ್ತಿತ್ತು. ಪ್ರೋಗ್ರಾಂ ರೂಟ್ ಬಲದಲ್ಲಿ ಓಡುತ್ತಿದ್ದರೆ ಮುಗಿದೇ ಹೋಯಿತು. 1.0ರಿಂದ 1.58.0ರ ತನಕ ಎಲ್ಲದರಲ್ಲೂ ಇತ್ತು. 2022ರ ಜನವರಿ 20ರಂದು 1.58.1 ಬಿಟ್ಟು ಸರಿ ಮಾಡಿದರು. ಪೈಥಾನ್‌ನಲ್ಲಿ ಇದೇ ಕೆಲಸ ಮಾಡುವ ಆರ್‌ಎಂಟ್ರೀ ಈ ದಾಳಿಗೆ ಬಗ್ಗದ ದಾರಿಯನ್ನು 2012ರಲ್ಲೇ, 3.3ರಲ್ಲಿ, ಹಿಡಿದಿತ್ತು. ಹಳೇ ಭಾಷೆ ಅಂದಿರಲ್ಲ, ಅದಕ್ಕೆ ಹೇಳಿದೆ.

ಇನ್ನು ರಸ್ಟ್‌ನಲ್ಲಿ ಸೆಟ್ ರೀಡ್ ಓನ್ಲಿಗೆ ಫಾಲ್ಸ್ ಕೊಟ್ಟು ನೋಡಿ. ಯುನಿಕ್ಸ್‌ನಲ್ಲಿ ಮಾಲೀಕನಿಗೆ, ಗುಂಪಿಗೆ, ಊರವರಿಗೆ, ಎಲ್ಲರಿಗೂ ಬರೆಯುವ ಬಿಟ್ ಹಚ್ಚಿಬಿಡುತ್ತದೆ. ಕೋಡ್ ತಪಾಸಣೆ ಮಾಡುವ ಕ್ಲಿಪ್ಪಿ ಎಚ್ಚರಿಸುತ್ತದೆ, ಕ್ಲಿಪ್ಪಿ ಓಡಿಸುವವರಿಗೆ.

ಭೀಮಾ_ದಂಡೆ (ಯಾದಗಿರಿ), ಮಂಗಳವಾರ ಮಧ್ಯಾಹ್ನ 1:40

ಶಹಾಬಾದ್ ಕಲ್ಲು ಗಟ್ಟಿ ಅಂತ ಕೇಳಿದ್ದೆ. ಅಕ್ಕ ಒಂದೇ ಏಟಿಗೆ ಸೀಳಿಬಿಟ್ಟರು.

ಶಹಾಬಾದ್_ಕಲ್ಲು (ಊರು ಶಹಾಬಾದ್, ಈಗ ಬೆಂಗಳೂರು), ಮಂಗಳವಾರ ರಾತ್ರಿ 9:30

ನಗ್ರಿ ನಗ್ರಿ. ಓದಿದೆ, ತಪ್ಪಾಯಿತು, ಒಪ್ಪಿದೆ. ಆ ಸೆಟ್ ರೀಡ್ ಓನ್ಲಿ ನಮ್ಮ ಕೋಡ್‌ನಲ್ಲಿ ಎರಡು ಕಡೆ ಇತ್ತು, ಬಾಯಿ ಮುಚ್ಚಿಕೊಂಡು ತೆಗೆದೆ.

ಬದಲಿಗೆ ನಾನೂ ಒಂದು ಕೊಡುತ್ತೇನೆ. ಆಫೀಸಿನಲ್ಲಿ ಗೋ ಭಾಷೆ ಬಳಸುತ್ತೇವೆ. ಸಿವಿಇ-2022-29526. ಈ ಫೈಲ್ ಮುಟ್ಟಬಹುದಾ ಅಂತ ಹೇಳುವ ಎಫ್‌ಆಕ್ಸೆಸ್‌ಆಟ್ ಅನ್ನುವ ಫಂಕ್ಷನ್‌ನಲ್ಲಿ ತಪ್ಪು. ಲಿನಕ್ಸ್‌ನ ಹಳೇ ಸಿಸ್ಟಂ ಕಾಲ್‌ಗೆ (ಪ್ರೋಗ್ರಾಂ ಕರ್ನೆಲ್‌ಗೆ ಮಾಡುವ ಕೋರಿಕೆ) ಫ್ಲ್ಯಾಗ್ (ಆಯ್ಕೆ) ಕೊಡಲು ಜಾಗವೇ ಇರಲಿಲ್ಲ. ಎಫೆಕ್ಟಿವ್ ಯೂಸರ್ ಲೆಕ್ಕ ನೋಡು ಅಂತ ಹೇಳಬೇಕಾದರೆ ಫ್ಲ್ಯಾಗ್ ಬೇಕು. ಹಾಗಾಗಿ ಕರ್ನೆಲ್ ಮಾಡಬೇಕಾದ ಲೆಕ್ಕವನ್ನು ಗೋ ಲೈಬ್ರರಿ ತಾನೇ ಮಾಡುತ್ತಿತ್ತು. ಫೈಲಿನ ಮೋಡ್ ಓದು. ನೀನು ಮಾಲೀಕನಾದರೆ ಮಾಲೀಕನ ಬಿಟ್ ನೋಡು. ಅಲ್ಲದಿದ್ದರೆ, ಫೈಲಿನ ಗುಂಪಿನಲ್ಲಿ ನೀನು ಇದ್ದೀಯಾ ಅಂತ ಕೇಳಿ ಗುಂಪಿನ ಬಿಟ್ ನೋಡು. ಅದೂ ಅಲ್ಲದಿದ್ದರೆ ಊರವರ ಬಿಟ್.

ಎಡವಿದ್ದು ಮಧ್ಯದ ಸಾಲಿನಲ್ಲಿ. ‘ಫೈಲಿನ ಗುಂಪಿನಲ್ಲಿ ನೀನು ಇದ್ದೀಯಾ’ ಅಂತ ಕೇಳುವ ಬದಲು ‘ನಿನ್ನ ಗುಂಪಿನಲ್ಲಿ ನೀನು ಇದ್ದೀಯಾ’ ಅಂತ ಬರೆದಿದ್ದರು! ನಿಮ್ಮ ಮನೆಯವರಾ ನೀವು ಅಂತ ಕೇಳಿದರೆ ಯಾರು ಇಲ್ಲ ಅನ್ನುತ್ತಾರೆ? ಹಾಗಾಗಿ ಮಾಲೀಕ ಅಲ್ಲದ ಯಾರು ಕೇಳಿದರೂ ಗುಂಪಿನ ಬಿಟ್ಟೇ ಸಿಗುತ್ತಿತ್ತು. 640 ಇರುವ, ಅಂದರೆ ಊರವರಿಗೆ ಓದಲು ಬಿಡದ, ಬೇರೆಯವರ ಫೈಲ್ ತೋರಿಸಿ ಓದಬಹುದಾ ಅಂದರೆ, ಓದಬಹುದು ಅನ್ನುತ್ತಿತ್ತು. ನಿಜವಾಗಿ ತೆರೆಯಲು ಹೋದರೆ ಕರ್ನೆಲ್ ಬಿಡುತ್ತಿರಲಿಲ್ಲ, ಅದು ಬೇರೆ ಮಾತು. ಆದರೆ ಈ ಉತ್ತರವನ್ನೇ ನಂಬಿ ಮುಂದಿನ ನಿರ್ಧಾರ ಮಾಡುವ ಪ್ರೋಗ್ರಾಂ ಗತಿ? 2022ರ ಮೇ ತಿಂಗಳಲ್ಲಿ 1.17.10 ಮತ್ತು 1.18.2ರಲ್ಲಿ ಸರಿ ಮಾಡಿದರು. ಬದಲಾಗಿದ್ದು ಬ್ರಾಕೆಟ್ ಒಳಗಿನ ಒಂದು ಹೆಸರು.

ಕರೇಜ್_ನೀರು (ಬೀದರ್), ಮಂಗಳವಾರ ರಾತ್ರಿ 10:10

ಈ ಕಥೆಗೆ ಬಾಲ ಇದೆ, ನಾನು ಅದನ್ನು ಅನುಭವಿಸಿದ್ದೇನೆ. ಫ್ಲ್ಯಾಗ್‌ಗೆ ಜಾಗ ಇಲ್ಲ ಅಂತ 2020ರಲ್ಲಿ ಲಿನಕ್ಸ್ 5.8ಕ್ಕೆ ಎಫ್‌ಆಕ್ಸೆಸ್‌ಆಟ್2 ಅಂತ ಹೊಸ ಕಾಲ್ ಸೇರಿಸಿದರು. ಒಳ್ಳೆಯದೇ ಆಯಿತು. ಮರುವರ್ಷ ನಾನು ಒಂದು ಕಂಟೇನರನ್ನು (ಯಂತ್ರದೊಳಗೆ ಪ್ರತ್ಯೇಕವಾಗಿ ಓಡುವ ಪುಟ್ಟ ವ್ಯವಸ್ಥೆ) ಆಲ್ಪೈನ್ ಲಿನಕ್ಸ್ 3.14ಕ್ಕೆ ಏರಿಸಿದೆ. ಕೋಡ್ ಕಟ್ಟುವ ಮೇಕ್ ಓಡಿಸಿದರೆ, ಕಮಾಂಡ್ ಓಡಿಸುವ ಶೆಲ್ಲನ್ನೇ ಮುಟ್ಟಲು ಆಗುತ್ತಿಲ್ಲ, ‘ಆಪರೇಷನ್ ನಾಟ್ ಪರ್ಮಿಟೆಡ್’! ಎಲ್‌ಎಸ್ ಹೊಡೆದರೆ ಪರ್ಮಿಷನ್ ಎಲ್ಲ ಸರಿಯಾಗಿಯೇ ಇದೆ. ರೂಟ್ ನಾನೇ. ಅರ್ಧ ರಾತ್ರಿ ಹೋಯಿತು.

ಆಗಿದ್ದು ಇಷ್ಟು. ಹೊರಗಿನ ಯಂತ್ರದಲ್ಲಿ, ಕಂಟೇನರ್ ಓಡಿಸುವ ಡಾಕರ್ ಹಳೆಯದು. ಯಾವ ಕಾಲ್ ಬಿಡಬೇಕು ಅಂತ ನೋಡುವ ಅದರ ಸೆಕ್‌ಕಾಂಪ್ ಫಿಲ್ಟರ್‌ಗೆ ಈ ಹೊಸ ಕಾಲ್ ಗೊತ್ತಿಲ್ಲ. ಗೊತ್ತಿಲ್ಲದಿದ್ದರೆ ‘ಇಂಥ ಕಾಲ್ ಇಲ್ಲ’ ಅನ್ನಬೇಕಿತ್ತು. ಹಾಗಂದಿದ್ದರೆ ಲೈಬ್ರರಿ ಹಳೇ ದಾರಿ ಹಿಡಿಯುತ್ತಿತ್ತು. ಅದು ‘ಅನುಮತಿ ಇಲ್ಲ’ ಅಂದಿತು. ಲೈಬ್ರರಿ ಪಾಪ, ಫೈಲಿಗೇ ಅನುಮತಿ ಇಲ್ಲ ಅಂದುಕೊಂಡಿತು. ಇಷ್ಟು ಸಲೀಸಾಗಿ ಸುಳ್ಳು ಹೇಳುವ ಎರರ್ ಮೆಸೇಜ್ ಇನ್ನೊಂದು ನೋಡಿಲ್ಲ.

ಅದಿರಲಿ, ಗಂಜ್ ತಮ್ಮಾ, ಎಲ್ಲಿ ಹೋದೆ? ಶೇರಿಂಗ್ ನೋಡಿದೆಯಾ?

ಗಂಜ್_ಹುಡುಗ (ಕಲಬುರಗಿ), ಮಂಗಳವಾರ ರಾತ್ರಿ 11:00

ಇಡೀ ದಿನ ಕಾಟಾ ಹತ್ತಿರವೇ ಇದ್ದೆ ಅಕ್ಕಾ, ಊಟಕ್ಕೂ ಬಿಡುವಿರಲಿಲ್ಲ. ನೋಡಿದೆ. ಶೇರಿಂಗ್ ಫುಲ್ ಕಂಟ್ರೋಲ್. ಸೆಕ್ಯೂರಿಟಿಯಲ್ಲೂ ನನ್ನ ಯೂಸರ್‌ಗೆ ಮಾಡಿಫೈ ಇದೆ. ಬೆಟ್ ಸೋತಿರಿ.

ಒಂದು ವಿಚಿತ್ರ ಕಂಡಿತು. ಬೆಳಿಗ್ಗೆಯಿಂದ ಮಧ್ಯಾಹ್ನದ ತನಕ ಒಂದು ಚೀಟಿಯೂ ಮಾಯವಾಗಿಲ್ಲ. ಮಾಯವಾದವೆಲ್ಲ ಸಂಜೆ 4ರಿಂದ 6ರ ಒಳಗೆ.

ಕರೇಜ್_ನೀರು (ಬೀದರ್), ಮಂಗಳವಾರ ರಾತ್ರಿ 11:08

ಸೋತೆ. ಬೀದರ್‌ಗೆ ಬಂದರೆ ಚಹಾ ಕುಡಿಸುತ್ತೇನೆ.

4ರಿಂದ 6ರ ತನಕ ಆ ಫೈಲನ್ನು ಇನ್ನು ಯಾರು ತೆರೆಯುತ್ತಾರೆ?

ಗಂಜ್_ಹುಡುಗ (ಕಲಬುರಗಿ), ಮಂಗಳವಾರ ರಾತ್ರಿ 11:12

ಯಪ್ಪಾ. ಮುನೀಮ್ ಕಾಕಾ.

ದಿನಾ 4ಕ್ಕೆ ಚಹಾ ಕುಡಿದು, ಅದೇ ಫೈಲನ್ನು ಎಕ್ಸೆಲ್‌ನಲ್ಲಿ ತೆರೆದು ಕೂರುತ್ತಾರೆ. ಕೈಬರಹದ ವಹಿಗೆ ತಾಳೆ ನೋಡಲು. ಮನೆಗೆ ಹೋಗುವಾಗ ಮುಚ್ಚುತ್ತಾರೆ.

ಶಹಾಬಾದ್_ಕಲ್ಲು (ಊರು ಶಹಾಬಾದ್, ಈಗ ಬೆಂಗಳೂರು), ಮಂಗಳವಾರ ರಾತ್ರಿ 11:20

ಕೇಸ್ ಕ್ಲೋಸ್.

ಕರೇಜ್_ನೀರು (ಬೀದರ್), ಮಂಗಳವಾರ ರಾತ್ರಿ 11:35

ಅರ್ಧ ಮಾತ್ರ. ಎಕ್ಸೆಲ್ ಫೈಲನ್ನು ಹಿಡಿದುಕೊಂಡಿದ್ದಾಗ ಬೇರೆಯವರು ಬರೆಯಲು ತೆರೆಯುವಂತಿಲ್ಲ. ಅದು ಪರ್ಮಿಷನ್ ವಿಷಯವೇ ಅಲ್ಲ, ಲಾಕ್ ವಿಷಯ. ಆದರೆ ಪೈಥಾನ್‌ನ ಓಪನ್ ಎರಡಕ್ಕೂ ಅದೇ 13 ತೋರಿಸುತ್ತದೆ. ನನ್ನನ್ನು ದಾರಿ ತಪ್ಪಿಸಿದ್ದೂ ಅದೇ. ನಾಳೆ 4ಕ್ಕೆ ಕಾಕಾ ಫೈಲ್ ತೆರೆದಾಗ ಓಎಸ್.ರಿನೇಮ್ ಮಾಡಿ ನೋಡು. ಆಗ ವಿಂಡೋಸ್‌ನ ಸ್ವಂತ ನಂಬರ್ 32 ಬರುತ್ತದೆ, ಫೈಲ್ ಇನ್ನೊಬ್ಬರ ಕೈಯಲ್ಲಿದೆ ಅಂತ ಬಾಯಿ ಬಿಟ್ಟು ಹೇಳುತ್ತದೆ.

ಉಳಿದರ್ಧ: ಓಪನ್ ಎರರ್ ಕೊಟ್ಟರೆ ನಿನ್ನ ಪ್ರೋಗ್ರಾಂ ಅಲ್ಲೇ ನಿಂತು ಕೂಗಬೇಕಿತ್ತಲ್ವಾ? ಮೂರು ದಿನ ಸುಮ್ನೆ ಯಾಕಿತ್ತು? ಆ ಜಾಗದ ಕೋಡ್ ಏನಿದೆ?

ಗಂಜ್_ಹುಡುಗ (ಕಲಬುರಗಿ), ಮಂಗಳವಾರ ರಾತ್ರಿ 11:41

ಎಕ್ಸೆಪ್ಟ್, ಪಾಸ್. ಎರರ್ ಬಂದರೂ ಸುಮ್ಮನೆ ಮುಂದೆ ಹೋಗು ಅಂತ.

ಭೀಮಾ_ದಂಡೆ (ಯಾದಗಿರಿ), ಬುಧವಾರ ಬೆಳಿಗ್ಗೆ 6:30

ಶಿವನೇ.

ನಾನು ಹೀಗೆ ಮಾಡುತ್ತಿದ್ದೆ. ಓಎಸ್.ಆಕ್ಸೆಸ್ ಸಾಲೇ ತೆಗೆ. ಕೇಳಬೇಡ, ಮಾಡು. ಆಗಲಿಲ್ಲ ಅಂದರೆ ಅದು ಕೊಟ್ಟ ಎರರ್ ಓದು. ಬಸ್ ನಿಲ್ದಾಣದಲ್ಲಿ ಕಿಟಕಿಯಿಂದ ‘ಸೀಟ್ ಖಾಲಿ ಇದೆಯಾ’ ಅಂತ ಕೇಳಿ, ಬಾಗಿಲು ಸುತ್ತಿ ಹತ್ತುವಷ್ಟರಲ್ಲಿ ಯಾರದೋ ಟವೆಲ್ ಬಿದ್ದಿರುತ್ತದೆ. ಹತ್ತಿ ಕೂತವನದೇ ಸೀಟು.

ಎರಡನೆಯದು, ಬರೆದು ಮುಗಿದ ಮೇಲೆ ಜಮಾ ಖಾಲಿ ಮಾಡು, ಮೊದಲೇ ಅಲ್ಲ. ಮೂರನೆಯದು, ಎಲ್ಲರೂ ಕೈಹಾಕುವ ಒಂದೇ ಫೈಲ್ ಬೇಡ. ಒಂದು ಚೀಟಿಗೆ ಒಂದು ಸಣ್ಣ ಫೈಲ್ ಮಾಡು, ಹೊಸ ಹೆಸರಲ್ಲಿ. ಯಾರೂ ಹಿಡಿದಿರುವುದಿಲ್ಲ. ರಾತ್ರಿ ಒಟ್ಟು ಸೇರಿಸಿ ಕಾಕಾಗೆ ಅಂತಲೇ ಒಂದು ಪ್ರತಿ ಮಾಡಿಕೊಡು. ಅವರು ಅದನ್ನು ಬೇಕಾದಷ್ಟು ಹೊತ್ತು ತೆರೆದಿಡಲಿ.

ಸುಮ್ನೆ_ಓದ್ತೀನಿ (ಕಲಬುರಗಿ), ಬುಧವಾರ ಬೆಳಿಗ್ಗೆ 8:45

ಸರ್, ನನ್ನ ಪ್ರಾಜೆಕ್ಟ್‌ನಲ್ಲಿ ಫೈಲಿಗೆ ಪರ್ಮಿಷನ್ ತೆಗೆದು ಎರರ್ ಬರುತ್ತದಾ ಅಂತ ಒಂದು ಟೆಸ್ಟ್ ಬರೆದಿದ್ದೆ. ನನ್ನ ಲ್ಯಾಪ್‌ಟಾಪ್‌ನಲ್ಲಿ ಪಾಸ್, ಡಾಕರ್‌ನಲ್ಲಿ ಫೇಲ್. ಅಲ್ಲಿ ರೂಟ್ ಆಗಿ ಓಡುತ್ತದೆ ಅಂತಾನಾ?

ಕರೇಜ್_ನೀರು (ಬೀದರ್), ಬುಧವಾರ ಬೆಳಿಗ್ಗೆ 9:00

ಹೌದು. ರೂಟ್‌ಗೆ ಓದುವ, ಬರೆಯುವ ಬಿಟ್ ಯಾವುದೂ ಅಡ್ಡ ಬರುವುದಿಲ್ಲ. 000 ಇದ್ದರೂ ತೆರೆಯುತ್ತದೆ. ಓಡಿಸಲು ಮಾತ್ರ ಎಲ್ಲಾದರೂ ಒಂದು ಎಕ್ಸ್ ಬಿಟ್ ಇರಬೇಕು. ಟೆಸ್ಟನ್ನು ಸಾದಾ ಯೂಸರ್ ಮಾಡಿ ಓಡಿಸು. ನೋಡು, ನಿನ್ನದು ದಡ್ಡ ಪ್ರಶ್ನೆ ಅಲ್ಲ ಅಂದಿದ್ದೆನಲ್ಲ.

ಗಂಜ್_ಹುಡುಗ (ಕಲಬುರಗಿ), ಗುರುವಾರ ರಾತ್ರಿ 9:50

32 ಬಂತು ಅಕ್ಕಾ. ಅಕ್ಷರಶಃ 4 ಗಂಟೆ 10 ನಿಮಿಷಕ್ಕೆ.

ಭೀಮಾ ಸರ್ ಹೇಳಿದಂತೆ ಬದಲಿಸಿದೆ. ಚೀಟಿಗೊಂದು ಫೈಲ್. ಬರೆಯಲು ಆಗದಿದ್ದರೆ ಸ್ಕ್ರೀನ್ ಕೆಂಪಾಗುತ್ತದೆ, ಚೀಟಿ ಜಮಾದಲ್ಲೇ ಉಳಿಯುತ್ತದೆ. ಇವತ್ತು ಬೇಕಂತಲೇ ನೆಟ್‌ವರ್ಕ್ ವೈರ್ ಕಿತ್ತು ನೋಡಿದೆ. ಕೆಂಪಾಯಿತು. ಹಮಾಲರು ಓಡಿ ಬಂದು ಕಂಪ್ಯೂಟರಿಗೆ ಬೆಂಕಿ ಬಿತ್ತಾ ಅಂತ ಕೇಳಿದರು.

ಮುನೀಮ್ ಕಾಕಾಗೆ ವಿಷಯ ಹೇಳಿದೆ. ಪೂರ್ತಿ ಕೇಳಿ, ‘ಬರೆಯೋಕೆ ಆಗಲ್ಲ ಅಂದ್ರೆ ಆಗುತ್ತೆ ಅಂತ ಯಾಕೆ ಹೇಳಿತು? ನಾನು ನಲವತ್ತು ವರ್ಷದಲ್ಲಿ ವಹಿ ತೆಗೆದು ಬರೆದಿದ್ದೀನೇ ಹೊರತು ವಹಿಗೆ ಕೇಳಿ ಬರೆದಿಲ್ಲ’ ಅಂದರು. ಉತ್ತರ ಇರಲಿಲ್ಲ. ಚಹಾ ತರಿಸಿಕೊಟ್ಟೆ.

47ರಲ್ಲಿ 45 ಚೀಟಿ ಕಾರ್ಬನ್ ಕಾಪಿ ನೋಡಿ ಮತ್ತೆ ಹಾಕಿದೆ. ಎರಡರಲ್ಲಿ ಕಾರ್ಬನ್ ಸರಿಯಾಗಿ ಮೂಡಿಲ್ಲ, ತೂಕ ಓದಲು ಬರುತ್ತಿಲ್ಲ. ಇಬ್ಬರೂ ಆಳಂದ ಕಡೆಯ ರೈತರು, ಅಸಲು ಚೀಟಿ ಅವರ ಹತ್ತಿರ ಇದೆ. ನಾಳೆ ಬೆಳಿಗ್ಗೆ ಮೊದಲ ಬಸ್ಸಿಗೆ ಹೋಗಿ ನೋಡಿಕೊಂಡು ಬರುತ್ತೇನೆ.